ನಾಲ್ಕು ಬೆರಳು ಸಡಿಲ

ಮಕ್ತಲದ ವೀರಬಸಮ್ಮ ಹೊಸೆದ ಹಗ್ಗದ ತುದಿಯಲ್ಲಿ ಯಾವಾಗಲೂ ಒಂದು ಕೆಂಪು ಎಳೆ ಇರುತ್ತಿತ್ತು. ನಾರಾಯಣಪೇಟೆಯ ಮಗ್ಗಗಳಲ್ಲಿ ಉಳಿದ ತುಂಡು ನೂಲನ್ನು ಕೇಳಿ ತಂದು, ಪುಂಡಿನಾರಿನ ಎಳೆಗಳು ಕೂಡುವಲ್ಲಿ ಸೇರಿಸಿ ಗಂಟು ಬಿಗಿಯುತ್ತಿದ್ದಳು. ಓದು ಬರೆಹ ಬಾರದ ಆಕೆಯ ಸಹಿ ಅದು. ಗದ್ವಾಲದ ಬಾವಿಗಳವರೆಗೂ ಆ ಸಹಿ ಹೋಗಿತ್ತು. ಬಾವಿಯ ಹಗ್ಗವನ್ನು ಆಕೆ ಮೊದಲು ನೀರಿನಲ್ಲಿ ನೆನೆಸಿ, ಆಮೇಲೆಯೇ ಮೊಳ ಹಾಕಿ ಕೊಡುತ್ತಿದ್ದಳು. ಒಣಗಿದ್ದಾಗ ಅಳೆದು ಕೊಟ್ಟರೆ ಬಾವಿಗಿಳಿದ ಮೇಲೆ ಹಗ್ಗ ಕುಗ್ಗಿ, ಕೊಡ ನೀರಿಗೆ ಮುಟ್ಟುವುದಿಲ್ಲವೆಂಬುದು ಅತ್ತೆ ಕಲಿಸಿದ ಪಾಠ.

ನಿಜಾಮ ಸರ್ಕಾರದ ಕಾಲ. ಸರ್ಕಾರಿ ಲೆಕ್ಕದ ಫಸಲಿ ವರ್ಷ ಸಾವಿರದ ಮೂರುನೂರ ನಲವತ್ತೈದರ ಕಾರ್ತಿಕದಲ್ಲಿ ಜಂಗಲಾತ್ ಎಂಬ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಕಾಡು ನೋಡಲು ದೌರಾ ಹೊರಟರು. ಅವರ ಡೇರೆಗಳಿಗೆ ಹಗ್ಗ ಕೊಟ್ಟವಳು ವೀರಬಸಮ್ಮ. ಮಕ್ತಲದ ಬಯಲಿನಲ್ಲಿ ಎಂಟು ದಿನ ಡೇರೆ ಅಲುಗಲಿಲ್ಲ. ಕ್ಯಾಂಪು ಕರಿಗುಡ್ಡದ ಕಾಡಿಗೆ ಏರಿ, ಗುಡ್ಡಗಳ ನಡುವಿನ ಕೆರೆಯ ದಂಡೆಯಲ್ಲಿ ತಂಗಿದ ಮೊದಲ ಬೆಳಗ್ಗೆಯೇ ಡೇರೆ ಮಲಗಿದ್ದ ಸಾಹೇಬರ ಮೇಲೆ ಕುಸಿಯಿತು. ಗಾಳಿ ಇರಲಿಲ್ಲ, ಮಳೆಯೂ ಇರಲಿಲ್ಲ. ಹಾಗಾದರೆ ತಪ್ಪು ಹಗ್ಗದ್ದೇ ಎಂದು ತೀರ್ಮಾನವಾಯಿತು. ಡೇರೆ ಕಟ್ಟುವ ಖಲಾಸಿ ತಾಯಣ್ಣ ಹಗ್ಗಗಳನ್ನೆಲ್ಲ ಬಿಚ್ಚಿ, ಬಂಡಿಗೆ ಹೇರಿ ತಂದು, ತುಂಬಿದ ಸಂತೆಯೆದುರು ಆಕೆಯ ಮನೆಯ ಕಟ್ಟೆಗೆ ಸುರಿದ.

"ಕಚ್ಚಾ ಮಾಲು ಅಂದ್ರು ಸಾಹೇಬ್ರು. ನಂದೇನಿಲ್ಲ ಯಕ್ಕಾ."

"ಹಗ್ಗ ಹರದಾವೇನು?"

ತಾಯಣ್ಣ ತಲೆ ಕೆರೆದುಕೊಂಡ. "ಹರದಿಲ್ಲ. ಗೂಟ ಕಿತ್ತು ಬಂದಾವ."

"ಗೂಟ ಬಡದಾಂವ ಯಾರಪ್ಪಾ?"

ಸಂತೆ ನಕ್ಕಿತು. ಆದರೆ ಅಂದು ಕೆಂಪು ಎಳೆಯ ಹಗ್ಗ ಒಂದೂ ಮಾರಾಟವಾಗಲಿಲ್ಲ. ಸಂಜೆ ನೆರೆಮನೆಯ ಪೆಂಟಮ್ಮ, "ಮುಂದಿನ ಸಂತಿಗೆ ಆ ಎಳಿ ಬಿಚ್ಚಿ ಮಾರವ್ವಾ, ಯಾರಿಗೆ ಗೊತ್ತಾಗತೈತಿ" ಎಂದಳು. ವೀರಬಸಮ್ಮನನ್ನು ಆ ಮಾತು ತಾಯಣ್ಣನ ಮಾತಿಗಿಂತ ಹೆಚ್ಚು ನೋಯಿಸಿತು. ಮರುದಿನ ಬುತ್ತಿ ಕಟ್ಟಿಕೊಂಡು, ಆ ಹಗ್ಗಗಳಲ್ಲಿ ಒಂದು ಹೊರೆಯನ್ನು ತಲೆಗೇರಿಸಿ ಕರಿಗುಡ್ಡ ಹತ್ತಿದಳು.

ಕೆರೆಯ ದಂಡೆಯಲ್ಲಿ ಆಕೆಯನ್ನು ತಡೆದವನು ಪೇಶ್ಕಾರ ಗುರುರಾಜ. ಸಾಹೇಬರ ಕಾಗದಪತ್ರ ನೋಡುವವನು. ಮಡಿಯ ಮನುಷ್ಯ, ಕ್ಯಾಂಪಿನಲ್ಲೂ ತನ್ನ ಒಲೆಯನ್ನು ಬೇರೆಯೇ ಹೂಡಿದ್ದ.

"ಹೆಣ್ಮಕ್ಕಳು ಬರೋ ಜಾಗ ಅಲ್ಲವ್ವಾ ಇದು. ಅರ್ಜಿ ಇದ್ರ ಊರಿಗೆ ಬಂದಾಗ ಕೊಡು."

"ಅರ್ಜಿ ಬರಿಯಾಕ ಬರಂಗಿಲ್ರಿ ರಾಯರ. ನಾ ಬರದದ್ದು ಹಗ್ಗದ ತುದ್ಯಾಗ ಐತಿ. ಒಂದು ದಿನ ಇಲ್ಲೇ ಇರತೀನಿ. ನಾ ಕಟ್ಟಿಸಿದ ಡೇರೆ ಬಿದ್ದರ, ಹಗ್ಗ ಹೊಸಿಯೋ ರಾಟಿ ತಂದು ಇದೇ ಕೆರ್ಯಾಗ ಒಗಿತೀನಿ."

ಗುರುರಾಜ ಅದನ್ನು ಉರ್ದುವಿನಲ್ಲಿ ಒಪ್ಪಿಸಿದ. ಸಾಹೇಬರು ಕುತೂಹಲದಿಂದ ಎರಡು ಸಣ್ಣ ಡೇರೆಗಳನ್ನು ಕೊಡಿಸಿದರು. ಹೊತ್ತು ಇಳಿಯುವಾಗ ಒಂದನ್ನು ತಾಯಣ್ಣ ತನ್ನ ವಾಡಿಕೆಯಂತೆ ಬಿಗಿಯಾಗಿ ಎಳೆದು ಕಟ್ಟಿದ. ಇನ್ನೊಂದನ್ನು ವೀರಬಸಮ್ಮ ನಿಂತು ಕಟ್ಟಿಸಿದಳು. ಎರಡಕ್ಕೂ ಆಕೆಯ ಹಗ್ಗವೇ, ಗೂಟವೂ ಒಂದೇ ಬಗೆಯವು. ಆದರೆ ಪ್ರತಿ ಹಗ್ಗಕ್ಕೂ ನಾಲ್ಕು ಬೆರಳು ಸಡಿಲ ಬಿಡಿಸಿದಳು. ಬಟ್ಟೆ ಜೋಲಾಡಿತು.

"ಯಕ್ಕಾ, ಇದು ಡೇರೆನೋ, ಒಣಗಹಾಕಿದ ಸೀರೆನೋ?"

"ನಾಳೆ ಕೇಳಪ್ಪಾ."

ಐವತ್ತು ವರ್ಷದ ಬಾಳಿನಲ್ಲಿ ಮೊದಲ ಬಾರಿಗೆ ಆಕೆ ಸೂರಿಲ್ಲದೆ, ಸೀತಾಫಲದ ಪೊದೆಯ ಮಗ್ಗುಲಲ್ಲಿ ಕಂಬಳಿ ಹೊದ್ದು ಮಲಗಿದಳು.

ಬೆಳಕು ಹರಿದಾಗ ಕೆರೆಯಿಂದ ಹಬೆ ಏಳುತ್ತಿತ್ತು. ಹುಲ್ಲೆಲ್ಲ ಇಬ್ಬನಿಯಿಂದ ಬೆಳ್ಳಗಾಗಿತ್ತು. ತಾಯಣ್ಣನ ಡೇರೆ ನೆಲಕ್ಕೆ ಬಿದ್ದಿತ್ತು. ಹಗ್ಗ ಒಂದೂ ಹರಿದಿರಲಿಲ್ಲ, ಗೂಟಗಳು ಮಣ್ಣು ಸಮೇತ ಮೇಲೆದ್ದು ಬಂದಿದ್ದವು. ವೀರಬಸಮ್ಮನ ಡೇರೆ, ನಿನ್ನೆ ಜೋಲಾಡುತ್ತಿದ್ದದ್ದು, ಒಂದು ಸುಕ್ಕೂ ಇಲ್ಲದೆ ನೆಟ್ಟಗೆ ನಿಂತಿತ್ತು. ತಾಯಣ್ಣ ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿ, "ನಿಜಮೇ" ಎಂದು ತನ್ನಷ್ಟಕ್ಕೆ ತೆಲುಗಿನಲ್ಲಿ ಗೊಣಗಿದ.

"ಬಯಲಾಗ ಹಗ್ಗಕ್ಕ ಕುಡಿಯಾಕ ನೀರಿಲ್ರಿ" ಎಂದಳು ಆಕೆ, ಸಾಹೇಬರ ಮುಂದೆ ತಲೆಯೆತ್ತಿ. "ಇಲ್ಲಿ ಕೆರಿ ರಾತ್ರೆಲ್ಲ ಕುಡಿಸತೈತಿ. ಕುಡದ ಹಗ್ಗ ಗಿಡ್ಡ ಆಗತೈತಿ, ಜಾಗ ಬಿಡದಿದ್ರ ಗೂಟ ಕೀಳತೈತಿ. ನನ್ನ ಹಗ್ಗ ಸೋತು ಡೇರೆ ಬೀಳಿಸಿಲ್ರಿ, ಗೆದ್ದು ಬೀಳಿಸೈತಿ."

ಗುರುರಾಜ ತರ್ಜುಮೆ ಮುಗಿಸುವಷ್ಟರಲ್ಲಿ ಸಾಹೇಬರು ನಗತೊಡಗಿದ್ದರು. ಹಗ್ಗವನ್ನೆಲ್ಲ ಮರಳಿ ತರಿಸಬೇಕು, ಪಕ್ಕಾ ಮಾಲೆಂದು ಆಕೆಗೆ ಚೀಟಿ ಬರೆದುಕೊಡಬೇಕು ಎಂದು ಅಪ್ಪಣೆಯಾಯಿತು.

"ಚೀಟಿ ಬ್ಯಾಡ್ರಿ ರಾಯರ. ನಮ್ಮ ಬಜಾರದಾಗ ಓದಾವರು ಎಷ್ಟು ಮಂದಿ? ಸಂತಿ ದಿನ ಯಾವ ಬಂಡ್ಯಾಗ ತಂದು ಸುರದಾನೋ, ಸಂತಿ ದಿನಾನ ಅದೇ ಬಂಡ್ಯಾಗ ಒಯ್ಯಲಿ. ಒಯ್ಯಾಂವನೂ ಇವನ ಆಗಬೇಕು."

ಗುರುರಾಜ ತಾಯಣ್ಣನ ಮುಖ ನೋಡಿದ. ತಾಯಣ್ಣ, "ಆಗಲಿ ಯಕ್ಕಾ" ಎಂದ.

ಮುಂದಿನ ಸಂತೆಯಲ್ಲಿ ಮಕ್ತಲ ಅದನ್ನು ಕಂಡಿತು. ತಾಯಣ್ಣ ಸುತ್ತಿಟ್ಟ ಹಗ್ಗದ ಒಂದೊಂದೇ ಸಿಂಬಿಯನ್ನು ಕಟ್ಟೆಯಿಂದೆತ್ತಿ, ಕೆಂಪು ಎಳೆ ಹೊರಗೆ ಕಾಣುವಂತೆ ಬಂಡಿಯಲ್ಲಿ ಜೋಡಿಸಿದ. ಯಾರೂ ಕೇಳದಿದ್ದರೂ "ಪಕ್ಕಾ ಮಾಲು, ಪಕ್ಕಾ ಮಾಲು" ಎಂದು ಎರಡು ಸಲ ಕೂಗಿದ. ಪೆಂಟಮ್ಮ ಬಾಗಿಲಲ್ಲಿ ನಿಂತು ನೋಡಿದಳು. ವೀರಬಸಮ್ಮ ರಾಟೆಯ ಮುಂದೆ ಕುಳಿತು ಹೊಸ ಹಗ್ಗ ಹೊಸೆಯುತ್ತಿದ್ದಳು. ತುದಿಗೆ ಬಂದಾಗ, ಈವರೆಗೆ ಬೆರಳುದ್ದ ಬಿಡುತ್ತಿದ್ದ ಕೆಂಪು ಎಳೆಯನ್ನು ಗೇಣುದ್ದ ಬಿಟ್ಟು ಗಂಟು ಬಿಗಿದಳು.