ಹೆಸರಿಲ್ಲದವುಗಳಿಗೆ ಒಂದು ಪೀಠ

ಮಾಂಬಳ್ಳಿಯ ಶಾಲೆಗೆ ವರ್ಗವಾಗಿ ಬಂದ ದಿನವೇ ನಾನು ಷಡಕ್ಷರಪ್ಪನವರನ್ನು ಕಂಡೆ. ಬಾಡಿಗೆಗೆ ಹಿಡಿದ ಮನೆಯ ಬೀಗ ತೆಗೆಯಲು ಹೋದರೆ, ಧಡೂತಿ ಆಸಾಮಿಯೊಬ್ಬರು ಬಾಗಿಲ ಚೌಕಟ್ಟಿಗೆ ಕಿವಿಯಿಟ್ಟು ಬೆರಳ ಗಂಟಿನಿಂದ ಕುಟ್ಟುತ್ತ ನಿಂತಿದ್ದರು.

"ಒನ್ನೆ ಮರ ಕಣ್ರಿ ಮೇಷ್ಟ್ರೇ. ನಿಮ್ ಕಾಲಕ್ಕೆ ಏನೂ ಆಗಾಕಿಲ್ಲ."

ಅದು ಹೊನ್ನೆಯಲ್ಲ, ಬೇವು. ಕಡಿದ ಬೇವಿನ ಬುಡ ಅಂಗಳದಲ್ಲೇ ಚಿಗುರಿ ನಿಂತಿತ್ತು. ಮರ ಕುಟ್ಟಿ ಜಾತಿ ಹೇಳುವ ವಿದ್ಯೆಯನ್ನು ಅವರು ಯಾರಿಂದಲೂ ಕಲಿತವರಲ್ಲ. ಆದುದರಿಂದ ಅದರಲ್ಲಿ ಅವರಿಗೆ ಸಂಶಯವೂ ಇರಲಿಲ್ಲ. ಗದ್ದೆ, ಹಿಪ್ಪುನೇರಳೆ ತೋಟ ಎರಡೂ ಇದ್ದ ಕುಳವಾದ್ದರಿಂದ ಯಾರೂ ಎದುರಾಡುತ್ತಲೂ ಇರಲಿಲ್ಲ.

ಒಂದು ವರ್ಷ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನುಗಳು ಓಡಾಡುವುದನ್ನು ನೋಡಿ ಬಂದರು. ಅಂದಿನಿಂದ ಊಟ ರುಚಿಸಲಿಲ್ಲ. ತಮ್ಮ ಪಡಸಾಲೆಯಲ್ಲೂ ಅಂಥದೊಂದು ಇರಬೇಕು, ಬಂದವರು ಬಾಯಿ ತೆರೆದು ನಿಲ್ಲಬೇಕು. ಅಡ್ಡಿಯಾದವರು ತಾಯಿ ಗುರುಬಸಮ್ಮನವರು. ಅದು ಲಿಂಗಪೂಜೆಯ ಮನೆ.

"ಅದ್ರ ಎಸರು ಈ ಮನೇಲಿ ಎತ್ತುದ್ರೆ ನಾನು ಇಲ್ಲಿ ನೀರು ಮುಟ್ಟಾಕಿಲ್ಲ ಕಣ್ಲಾ!"

ನಮ್ಮ ಸೀಮೆಯಲ್ಲಿ ಹಕಾರ ಬಿದ್ದುಹೋಗಿ ಹೆಸರೂ ಎಸರಾಗುತ್ತದೆ. ಒಲೆಯ ಮೇಲೆ ಕುದಿಯುವುದೂ ಎಸರೇ. ಮುದುಕಿ ಯಾವುದನ್ನು ಹೇಳಿದರೆಂದು ಮಗ ಕೇಳಲಿಲ್ಲ. ಹೆಸರನ್ನೇ ಬಿಟ್ಟರು. ಮೀನುಗಳು 'ಅವು' ಆದವು. ಹೆಸರೆತ್ತದೆ ತಂದಿಟ್ಟುಬಿಟ್ಟರೆ ಅವ್ವ ನೋಡಿ ಮೆತ್ತಗಾಗುತ್ತಾಳೆ ಎಂಬುದು ಅವರ ಲೆಕ್ಕ. ನಾಮಪದವಿಲ್ಲದೆ ಸರ್ವನಾಮ ನಿಲ್ಲದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಷಡಕ್ಷರಪ್ಪನವರು ಬರಿಯ ಸರ್ವನಾಮದ ಮೇಲೆ ತೊಟ್ಟಿಯನ್ನೇ ನಿಲ್ಲಿಸಲು ಹೊರಟರು.

ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಗಾಜಿನ ಪೆಟ್ಟಿಗೆ ಮೈಸೂರಿನಲ್ಲಿ ಸಿದ್ಧವಾಗುತ್ತಿತ್ತು. ಅದಕ್ಕೊಂದು ಸ್ಟ್ಯಾಂಡು ಬೇಕಲ್ಲ! ರಜೆಯ ದಿನಗಳಲ್ಲಿ ನನ್ನನ್ನೂ ಎಳೆದುಕೊಂಡು ಹೊರಟರು. ಕೊಳ್ಳೇಗಾಲದ ವೆಲ್ಡಿಂಗ್ ಅಂಗಡಿಯವನು ಕಬ್ಬಿಣದ ಆಂಗಲ್ ತೋರಿಸಿದರೆ, "ಆಸ್ಪತ್ರೆ ಮಂಚ ಆಯ್ತದೆ," ಎಂದರು. ಹನೂರಿನಲ್ಲಿ ಒಳ್ಳೆಯ ತೇಗದ ದಿಮ್ಮಿಯನ್ನು ಕುಟ್ಟಿ ಕೇಳಿ, "ಒಳಗೆಲ್ಲ ಟೊಳ್ಳು," ಎಂದು ತಳ್ಳಿದರು. ಬಿದಿರೆಂದವನಿಗೆ, "ನಾನಿನ್ನೂ ಬದುಕಿವ್ನಿ ಕಣ್ಲಾ," ಎಂದು ಗದರಿದರು. ಕಲ್ಲು ಹಾಕಿಸಿ ಎಂದು ನಾನು ಹೇಳಿದೆ.

"ಕಲ್ಲು ದನೀನ ಕೊಟ್ಟಿಗೆಗೆ ಮೇಷ್ಟ್ರೇ. ಪಡಸಾಲೆಗಲ್ಲ!"

ಕೊನೆಗೆ ಯಳಂದೂರಿನ ಬಡಗಿ ಮಾದಾಚಾರಿಯ ಬಳಿ ಬಂದೆವು.

"ಗಾಜಿನ ಪೆಟ್ಟಿಗೆ ಇಡಾಕೆ ಒಂದು ಪೀಠ ಬೇಕು," ಎಂದರು ಷಡಕ್ಷರಪ್ಪ.

"ಪೆಟ್ಟಿಗೆ ಒಳಗೆ ಯಾರು ಯಜಮಾನ್ರೇ?"

"ಅವು."

ಆಚಾರಿ ಭಕ್ತಿಯಿಂದ ಕೈಮುಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಷಡಕ್ಷರಪ್ಪ ನನ್ನ ಕಾಲು ತುಳಿದರು.

ಪೀಠ ಬಂತು. ಕಾಲುಕಾಲಿಗೂ ಬಸವಣ್ಣ, ಅಂಚಿಗೆ ತಾವರೆಯ ದಳ. ಷಡಕ್ಷರಪ್ಪ ಕುಟ್ಟಿ ಕಿವಿಗೊಟ್ಟು, "ಗಂಟೆ ಒಡ್ದಂಗೆ ಅದೆ!" ಎಂದು ಹಿಗ್ಗಿದರು. ಅವ್ವ ಗುಡಿಗೆ ಹೋಗುವ ಸೋಮವಾರ ನೋಡಿ ಪೆಟ್ಟಿಗೆಯನ್ನು ಅದರ ಮೇಲೇರಿಸಿದರು. ಆಳುಗಳು ನೀರು ತುಂಬಿದರು. ಹಾಲಿನ ಕ್ಯಾನಿನಲ್ಲಿ ಮೈಸೂರು ಬಸ್ಸಿನಿಂದಿಳಿದ 'ಅವು' ಕೆಂಪಗೆ, ಹೊಂಬಣ್ಣಕ್ಕೆ ಮಿಂಚುತ್ತ ಈಜತೊಡಗಿದವು.

ಗುರುಬಸಮ್ಮನವರು ವಿಭೂತಿ ಹಣೆಯೊಡನೆ ಹೊಸ್ತಿಲು ದಾಟುವುದಕ್ಕೂ ಒಂದು ಬಸವಣ್ಣ ಮಂಡಿಯೂರುವುದಕ್ಕೂ ಸರಿಹೋಯಿತು. ತೊಟ್ಟಿ ವಾಲಿತು, ಗಾಜು ಒಡೆಯಿತು, ಪಡಸಾಲೆ ಕೆರೆಯಾಯಿತು. ಮೀನುಗಳು ನೆಲದ ಮೇಲೆ ವಿಲವಿಲ ಒದ್ದಾಡಿದವು.

ಅವನ್ನು ಅಷ್ಟು ಬಯಸಿ ತಂದ ಮಹಾನುಭಾವರು ಏನು ಮಾಡಿದರು? ಮೈಲಿಗೆಯಾದೀತೆಂದು ಪಂಚೆ ಎತ್ತಿಕೊಂಡು ಬೆಂಚು ಹತ್ತಿದರು.

"ನೋಡ್ತಾ ನಿಂತಿದ್ದೀಯಲ್ಲಾ ಲೇ, ಜೀವ ಓಯ್ತವೆ!" ಎನ್ನುತ್ತ ಮುದುಕಿ ಸೆರಗು ಸಿಕ್ಕಿಸಿ, ತಮ್ಮ ಮಡಿನೀರಿನ ತಾಮ್ರದ ಬಿಂದಿಗೆಗೇ ಒಂದೊಂದನ್ನೂ ಬೊಗಸೆಯಲ್ಲಿ ಎತ್ತಿ ಹಾಕಿದರು. ಆಮೇಲೆ ಹಿತ್ತಲಿಗೆ ಹೋಗಿ, ದನ ನೀರು ಕುಡಿಯುವ ಕಲ್ಲುಬಾನಿಗೆ ಸುರಿದರು.

"ಅವ್ವಾ, ನೀರು ಮುಟ್ಟಾಕಿಲ್ಲ ಅಂದಿದ್ದೆ..." ಎಂದರು ಮಗ, ಬೆಂಚಿನ ಮೇಲಿಂದಲೇ.

"ನಾನೆತ್ತಿದ್ದು ಜೀವಾನ ಕಣ್ಲಾ, ಎಸರ್ನಲ್ಲ. ಇಳಿ ಕೆಳಕ್ಕೆ!"

ಮರುದಿನ ಷಡಕ್ಷರಪ್ಪ ಮಾದಾಚಾರಿಯನ್ನು ಕರೆಸಿ ಕೂಗಾಡಿದರು. ಅವನು ತಣ್ಣಗೆ ಹೇಳಿದ: "ದೇವ್ರ ಪೀಠ ಅಂತ ಅತ್ತಿ ಮರ ಆಕ್ದೆ ಯಜಮಾನ್ರೇ. ಮಡಿಗೆ ಒಳ್ಳೇದು, ಆದ್ರೆ ಮೆತ್ತಗೆ. ಮೀನು ಅಂತ ಒಂದ್ ಮಾತು ಅಂದಿದ್ರೆ ಗಟ್ಟಿ ಮತ್ತಿ ಮರ ಆಕ್ತಿದ್ದೆ."

"ಲೇ, ಮೆಲ್ಲಗೆ ಮಾತಾಡ್ಲಾ!" ಎಂದು ಷಡಕ್ಷರಪ್ಪ ಅಡುಗೆಮನೆಯ ಕಡೆ ನೋಡಿದರು.

ನಾನು ನಿವೃತ್ತನಾಗಿ ಅದೇ ಊರಿನಲ್ಲಿ ಉಳಿದಿದ್ದೇನೆ. ದನಗಳಿಗೆ ಬೇರೆ ಬಾನಿಯಾಗಿದೆ. ಹಳೆಯದರಲ್ಲಿ ಮರಿಗಳ ಮರಿಗಳು ಕೊಬ್ಬಿ ತಿರುಗುತ್ತಿವೆ. ಸಂಜೆ ಗುರುಬಸಮ್ಮನವರು ಕೋಲೂರಿಕೊಂಡು ಬಂದು ಕಡ್ಲೆಪುರಿ ಹಾಕುತ್ತಾರೆ. ಷಡಕ್ಷರಪ್ಪನವರು ಮರ ಕುಟ್ಟುವುದನ್ನು ಬಿಟ್ಟಿದ್ದಾರೆ. ಈಗ ಬಂದವರನ್ನೆಲ್ಲ ಹಿತ್ತಲಿಗೆ ಕರೆದೊಯ್ದು ಬಾನಿಯನ್ನು ಕುಟ್ಟಿ, ಕಿವಿಯಿಟ್ಟು, "ಕಲ್ಲೇ ಆಗ್ಬೇಕು ಅಂತ ನಾನು ಮೊದ್ಲಿಂದ ಏಳ್ತಿದ್ದೆ," ಎನ್ನುತ್ತಾರೆ. ಒಳಗೇನಿದೆ ಎಂದು ಯಾರಾದರೂ ಕೇಳಿದರೆ, ಅವ್ವ ಎಲ್ಲಿದ್ದಾರೆಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ, "ಅವು," ಎನ್ನುತ್ತಾರೆ.