ಕಬ್ಬಿಣ ಬರಬಾರದ ಜಾಗ

ಅಣ್ಣನ ಕಾಲಿನ ಕಬ್ಬಿಣವನ್ನು ಬಿಚ್ಚಿಡಬಹುದು ಎಂದು ನಾನು ಹೇಳಲಿಲ್ಲ. ಹೇಳಬೇಕಾಗಿದ್ದ ಹೊತ್ತಿನಲ್ಲಿ, ಕೇಳಬೇಕಾಗಿದ್ದವರ ಎದುರಿಗೇ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ನಮ್ಮದು ಚಳ್ಳಕೆರೆ ತಾಲ್ಲೂಕಿನಲ್ಲಿ ದೊಡ್ಡಉಳ್ಳಾರ್ತಿ ಕಾವಲಿನ, ಅಂದರೆ ಸರ್ಕಾರಿ ಹುಲ್ಲುಗಾವಲಿನ, ಅಂಚಿಗಿರುವ ಸಣ್ಣ ಹಳ್ಳಿ. ಅಣ್ಣನಿಗೆ ಎಳವೆಯಲ್ಲೇ ಪೋಲಿಯೊ ಆಗಿ ಬಲಗಾಲು ಒಣಗಿದ ಜೋಳದ ದಂಟಿನಂತಾಗಿತ್ತು. ಚಿತ್ರದುರ್ಗದಲ್ಲಿ ನಡೆದ ಒಂದು ಶಿಬಿರದಲ್ಲಿ ಅವನಿಗೆ ಕಬ್ಬಿಣದ ಕ್ಯಾಲಿಪರ್ ಕೊಟ್ಟಿದ್ದರು. ತೊಡೆಯಿಂದ ಪಾದದವರೆಗೆ ಎರಡು ಕಡೆ ಕಬ್ಬಿಣದ ಪಟ್ಟಿ, ನಡುವೆ ಚರ್ಮದ ಬೆಲ್ಟು, ಕೆಳಗೊಂದು ದಪ್ಪ ಬೂಟು. ಊರವರು ಅದನ್ನು ಕಬ್ಬಿಣದ ಕಾಲು ಎನ್ನುತ್ತಿದ್ದರು. ಹೊರಗೆ ಹೋಗುವಾಗ ಅದನ್ನು ಹಾಕಿಕೊಳ್ಳುತ್ತಿದ್ದ. ಮನೆಯಲ್ಲಿ ಬಿಚ್ಚಿ ಮೂಲೆಗೆ ಒರಗಿಸಿ, ಬಲಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ಹೆಜ್ಜೆ ಹಾಕುತ್ತಿದ್ದ. ನಿಧಾನ, ಆದರೆ ನಡೆಯುತ್ತಿದ್ದ. ಇದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ದಿನಾ ನೋಡುತ್ತಿದ್ದೆ.

ಎಣ್ಣೆ ಮಿಲ್ಲಿನವರು ಕಳಿಸುವ ಹರಿದ ಗೋಣಿಚೀಲಗಳನ್ನು ಪಡಸಾಲೆಯಲ್ಲಿ ಕೂತು ದಬ್ಬಣದಿಂದ ಹೊಲಿಯುವುದು ಅವನ ಕೆಲಸ. ಅದೇ ಮಿಲ್ಲಿನಲ್ಲಿ ತುಂಬಿದ ಚೀಲ ಹೊರುವುದು ನನ್ನ ಕೆಲಸ. ಮನೆಯಲ್ಲಿ ಕೂರುವುದೆಲ್ಲ ಅವನ ಪಾಲಿಗೆ, ಹೊರುವುದೆಲ್ಲ ನನ್ನ ಪಾಲಿಗೆ ಬಂದಿದೆ ಎಂಬ ಸಿಟ್ಟು ನನ್ನೊಳಗೆ ಯಾವಾಗಲೂ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಸೊಂಟ ಹಿಡಿದುಕೊಂಡು ಸಂಜೆ ಮನೆಗೆ ಬಂದಾಗ ಅವನು ನೀರು ತುಂಬಿದ ಚೊಂಬು ಮುಂದಿಡುತ್ತಿದ್ದ. ನನಗೆ ಕಾಣುತ್ತಿದ್ದದ್ದು ಅವನು ಕೂತಿರುವುದು ಮಾತ್ರ.

ತೊಂಬತ್ತರ ದಶಕದ ಕೊನೆಯಲ್ಲಿ, ಶೇಂಗಾ ಕಿತ್ತು ಮುಗಿದು ಮಿಲ್ಲಿನಲ್ಲಿ ಚೀಲಗಳ ರಾಶಿ ಬೀಳುವ ಕಾಲಕ್ಕೆ, ಊರಿಗೆ ಒಂದು ಜೀಪು ಬಂತು. ಸೊಂಟ ನೋವೆಂದು ನಾನು ಅವತ್ತು ಕೆಲಸಕ್ಕೆ ಹೋಗಿರಲಿಲ್ಲ. ಜೀಪಿನಿಂದ ಇಳಿದ ಆಫೀಸರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಪಂಚಾಯ್ತಿ ಕಟ್ಟೆಯ ಮೇಲೆ ಕೂತು, ಇನ್ನು ಕೆಲವು ವಾರ ಒಂದು ಸಣ್ಣ ವಿಮಾನ ತಗ್ಗಿನಲ್ಲಿ ಹಾರಾಡುತ್ತದೆ, ಯಾರೂ ಹೆದರಬೇಡಿ ಎಂದರು. ಮಣ್ಣಿನ ಕೆಳಗೆ ಯಾವ ಕಲ್ಲು ಎಲ್ಲಿ ಹಾದುಹೋಗಿದೆ, ಎಲ್ಲಿ ಮುರಿದು ಪುಡಿಯಾಗಿದೆ ಎಂದು ಅಗೆಯದೆಯೇ ಮೇಲಿನಿಂದ ಅಳೆಯುತ್ತಾರಂತೆ. ಕೆಲವು ಕಲ್ಲಿನಲ್ಲಿ ಅಯಸ್ಕಾಂತದ ಎಳೆತ ಹೆಚ್ಚು, ಕೆಲವುಗಳಲ್ಲಿ ಕಡಿಮೆ. ವಿಮಾನದೊಳಗಿನ ಯಂತ್ರಕ್ಕೆ ಅದು ತಿಳಿಯುತ್ತದೆ.

'ಚಿನ್ನ ಐತೇನ್ರಿ ಸಾರ್ ನಮ್ಮ ಕೆಳಗೆ?' ಎಂದು ಒಬ್ಬರು ಕೇಳಿದರು.

'ಚಿನ್ನ ಹುಡುಕ್ತಾ ಇಲ್ಲ. ಕಲ್ಲಿನ ನಕ್ಷೆ ಮಾಡ್ತೀವಿ.'

'ಕಲ್ಲು ನೋಡಾಕೆ ವಿಮಾನ ಯಾಕ್ರಿ. ನಮ್ಮ ಹೊಲಕ್ಕೆ ಬರ್ರಿ, ಎಡವಿದಲ್ಲೆಲ್ಲ ಐತೆ.'

ಎಲ್ಲರೂ ನಕ್ಕರು. ಆಫೀಸರೂ ನಕ್ಕರು. ಆಮೇಲೆ ಅವರು ಬಂದ ಕೆಲಸ ಹೇಳಿದರು. ವಿಮಾನ ಹಾರುವಷ್ಟು ಹೊತ್ತೂ ನೆಲದ ಮೇಲೆ ಒಂದು ಕಡೆ ಇನ್ನೊಂದು ಯಂತ್ರ ಕೂತಿರಬೇಕು. ಭೂಮಿಯ ಅಯಸ್ಕಾಂತದ ಎಳೆತ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಇರುವುದಿಲ್ಲ, ತಾನಾಗಿಯೇ ಏರಿಳಿಯುತ್ತದೆ. ಆ ಏರಿಳಿತವನ್ನು ನೆಲದ ಯಂತ್ರ ಹಿಡಿಯುತ್ತದೆ. ವಿಮಾನ ಅಳೆದದ್ದರಲ್ಲಿ ಅದನ್ನು ಕಳೆದರೆ ಉಳಿಯುವುದು ಕಲ್ಲಿನದು. ಯಂತ್ರದ ಹತ್ತಿರ ಕಬ್ಬಿಣ ಸುಳಿದರೆ ಲೆಕ್ಕ ಕೆಟ್ಟು ಅವತ್ತಿನ ಹಾರಾಟವೇ ದಂಡ. ಅದಕ್ಕೆ ಕಾವಲಿನಲ್ಲಿ, ರಸ್ತೆಯಿಂದ, ಕರೆಂಟು ತಂತಿಯಿಂದ ದೂರ ಜಾಗ ಬೇಕು. ಅಲ್ಲಿ ದಿನವಿಡೀ ಕೂತು, ಸೈಕಲ್ಲು, ಗಾಡಿ, ಕೊಡಲಿ, ಕುಡುಗೋಲು ಹತ್ತಿರ ಬಾರದಂತೆ ನೋಡಿಕೊಳ್ಳುವ ಒಬ್ಬ ನಂಬಿಕೆಯ ಮನುಷ್ಯ ಬೇಕು.

'ಕೂತು ಮಾಡೋ ಕೆಲ್ಸ ಅಂದ್ರೆ ಇವನ ಅಣ್ಣ ಇದಾನಲ್ರಿ,' ಎಂದು ಪಂಚಾಯ್ತಿ ಮೆಂಬರು ನನ್ನ ಕಡೆ ಕೈ ತೋರಿಸಿದರು. 'ಪಾಪ, ಕಾಲಿಲ್ಲ. ಬುದ್ಧಿವಂತ. ಎದ್ದು ಎಲ್ಲೂ ಹೋಗೋನಲ್ಲ.'

ಆಫೀಸರು ನನ್ನನ್ನು ಕೇಳಿದರು. 'ಅವರ ಕಾಲಿಗೆ ಏನಾಗಿದೆ?'

'ಪೋಲಿಯೊ ಸಾರ್. ಕಬ್ಬಿಣ ಹಾಕ್ಕಂಡು ನಡೀತಾನೆ.'

'ಕಬ್ಬಿಣವೇ? ಹಾಗಾದರೆ ಕಷ್ಟ.'

ಹೇಳಬೇಕಾಗಿದ್ದ ಹೊತ್ತು ಇದೇ. ಬಿಚ್ಚಿಡ್ತಾನೆ ಸಾರ್ ಎಂದಿದ್ದರೆ ಮುಗಿದಿತ್ತು. ನಾನು ಕಟ್ಟೆಯ ಕಲ್ಲನ್ನು ನೋಡುತ್ತಾ ನಿಂತೆ. ಆಫೀಸರು, 'ನೀವು ಬರ್ತೀರಾ?' ಎಂದರು. ಬರ್ತೀನಿ ಎಂದೆ.

ಮೆಂಬರರ ಮಾತು ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅಣ್ಣ ಅಂಗಿ ಬದಲಾಯಿಸಿಕೊಂಡು ಕೂತಿದ್ದ. ಕಬ್ಬಿಣ ಇದ್ದವರನ್ನು ತಗೊಳ್ಳುವುದಿಲ್ಲವಂತೆ ಎಂದೆ.

'ಬಿಚ್ಚಿಟ್ಟು ಕೂತ್ರೂ ಆಗಲ್ವಂತಾ?' ಎಂದು ಕೇಳಿದ.

'ಕೇಳಿದೆ. ಆಗಲ್ಲ ಅಂದ್ರು.'

'ಹೌದಾ,' ಎಂದ. ದಬ್ಬಣಕ್ಕೆ ದಾರ ಪೋಣಿಸಿಕೊಂಡು ಒಂದು ಚೀಲ ಎಳೆದುಕೊಂಡ. ಆಮೇಲೆ ತಲೆ ಎತ್ತದೆ, 'ಅಷ್ಟು ಮೇಲಿಂದ ಕಲ್ಲು ಕಾಣ್ತೈತೆ ಅಂದ್ರೆ, ನನ್ನ ಕಾಲೂ ಕಾಣಬೋದೇನಲೇ? ನಕ್ಷೆದಾಗೆ ಒಂದು ಚುಕ್ಕಿ ಬರ್ತೀನೇನೋ,' ಎಂದ. ಅವ್ವ ನಕ್ಕಳು. ನಾನೂ ನಕ್ಕೆ.

ಕಾವಲಿನ ನಡುವೆ ಮರದ ಗೂಟದ ಮೇಲೆ ಎಳೆತ ಹಿಡಿಯುವ ಒಂದು ಸಣ್ಣ ಡಬ್ಬಿ, ಅಷ್ಟು ದೂರದಲ್ಲಿ ಬ್ಯಾಟರಿ ಮತ್ತು ಯಂತ್ರ. ಸುತ್ತ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟು ದೊಡ್ಡ ಗೆರೆ ಮಾಡಿದ್ದೆವು. ಗೆರೆಯೊಳಗೆ ಕಬ್ಬಿಣ ಬರುವಂತಿಲ್ಲ. ಆಫೀಸರು ಜೀಪನ್ನು ದೂರ ನಿಲ್ಲಿಸಿ, ಬೆಲ್ಟು, ಗಡಿಯಾರ ಬಿಚ್ಚಿಟ್ಟು ನಡೆದು ಬರುತ್ತಿದ್ದರು. ನಾನು ಉಡಿದಾರದ ಕೀಲಿಯನ್ನು ದಿನಾ ಒಂದು ಕಲ್ಲಿನ ಕೆಳಗೆ ಬಿಟ್ಟು ಒಳಗೆ ಹೋಗುತ್ತಿದ್ದೆ. ಕುರಿಯವರು ಸೊಪ್ಪು ಕೊಯ್ಯುವ ಕತ್ತಿ ಹಿಡಿದು ಬಂದರೆ ಎದ್ದು ಕೂಗುತ್ತಿದ್ದೆ. 'ಏನಪ್ಪಾ, ಕಾವಲು ನಿಮ್ಮಪ್ಪಂದಾ?' ಎಂದು ಬೈದು ಸುತ್ತಿಕೊಂಡು ಹೋಗುತ್ತಿದ್ದರು.

ವಿಮಾನ ಎಲ್ಲಿಂದ ಎದ್ದು ಬರುತ್ತಿತ್ತೋ, ಇಳಿದದ್ದನ್ನು ನಾವು ಯಾರೂ ನೋಡಲಿಲ್ಲ. ಅದರ ಬಾಲದ ಹಿಂದೆ ಉದ್ದನೆಯ ಕೋಲಿನಂಥದ್ದೊಂದು ಚಾಚಿಕೊಂಡಿತ್ತು. ಹೊಲ ಉಳುವವರ ಹಾಗೆ ಒಂದು ಸಾಲು ನೆಟ್ಟಗೆ ಹೋಗಿ, ತಿರುಗಿ, ಪಕ್ಕದ ಸಾಲು ಹಿಡಿದು ಬರುತ್ತಿತ್ತು. ಮೊದಮೊದಲು ಹುಲ್ಲೆಗಳು ದಿಕ್ಕೆಟ್ಟು ಓಡಿದವು. ಆಮೇಲೆ ತಲೆ ಎತ್ತಿ ನೋಡಿ ಮತ್ತೆ ಮೇಯುವಷ್ಟು ರೂಢಿಯಾಯಿತು.

ಮಧ್ಯಾಹ್ನದ ಊಟ ಅಣ್ಣ ತರುತ್ತಿದ್ದ. ಅವ್ವ ಕೂಲಿಗೆ ಹೋಗುತ್ತಿದ್ದಳು. ಊರಿನಿಂದ ಕಾವಲಿನ ದಾರಿ ಅವನ ಕಾಲಿಗೆ ಸಣ್ಣದಲ್ಲ. ಗೆರೆಯ ಹತ್ತಿರ ಬಂದು ನಿಂತು, 'ಲೇ, ಊಟ,' ಎಂದು ಕೂಗುತ್ತಿದ್ದ. ನಾನು ಎದ್ದು ಹೋಗಿ ಗೆರೆಯಾಚೆ ಅವನ ಜೊತೆ ಕೂತು ಉಣ್ಣುತ್ತಿದ್ದೆ. ಅವನು ಒಂದು ದಿನವೂ ಬೂಟಿನ ತುದಿಯನ್ನು ಕೂಡ ಒಳಗಿಡಲಿಲ್ಲ. ಲೆಕ್ಕ ಕೆಟ್ಟೀತು ಎಂದು ನನಗಿಂತ ಅವನಿಗೇ ಹೆಚ್ಚು ಭಯವಿತ್ತು.

ಒಂದು ದಿನ ಅವನು ಕೂಗಿದಾಗ ಆಫೀಸರು ನನ್ನ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಊರಿನ ಬಾವಿಗಳ ಬಗ್ಗೆ ನನ್ನನ್ನು ಏನೋ ಕೇಳುತ್ತಿದ್ದರು. ಅವರು ಕೊಟ್ಟ ಟೋಪಿ ನನ್ನ ತಲೆಯ ಮೇಲಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಗೆ ಯಾರೂ ಮಾತಾಡಿಸಿರಲಿಲ್ಲ. ಅಣ್ಣನ ಕೂಗು ಕೇಳಿಸಿತು. ನಾನು ಏಳಲಿಲ್ಲ. ಇನ್ನೊಂದು ಸಲ ಕೂಗಿದ. ಆಗಲೂ ಏಳಲಿಲ್ಲ. ಮೂರನೇ ಕೂಗು ಬರಲಿಲ್ಲವೆಂದು ತಿರುಗಿ ನೋಡಿದರೆ, ಅವನು ಸುಣ್ಣದ ಕಲ್ಲಿನ ಪಕ್ಕ ನೆಲದ ಮೇಲೆ ಕೂತು ಬೆಲ್ಟುಗಳನ್ನು ಬಿಚ್ಚುತ್ತಿದ್ದ.

ಕಬ್ಬಿಣದ ಕಾಲನ್ನು ಗೆರೆಯಾಚೆ ಮಲಗಿಸಿ ಎದ್ದ. ಎಡಗೈಯಲ್ಲಿ ಅಲ್ಯುಮಿನಿಯಂ ಡಬ್ಬಿ, ಬಲಗೈ ಮೊಣಕಾಲಿನ ಮೇಲೆ. ಹುಲ್ಲಿನ ಬುಡಗಳ ನಡುವೆ ಒಂದೊಂದೇ ಹೆಜ್ಜೆ ಒತ್ತಿಕೊಂಡು ಬಂದ. ನಾನು ಎದ್ದು ನಿಲ್ಲುವ ಹೊತ್ತಿಗೆ ಅವನು ಚಾಪೆಯ ಹತ್ತಿರವೇ ಬಂದಾಗಿತ್ತು.

'ಕಬ್ಬಿಣ ಅಲ್ಲಿ ಬಿಟ್ಟೀನಿ ಸಾರ್,' ಎಂದು ಆಫೀಸರಿಗೆ ಹೇಳಿದ. 'ಊಟದ ಡಬ್ಬಿಗೂ ಅಡ್ಡಿ ಇಲ್ಲ. ಊರಾಗೆ ಅಯಸ್ಕಾಂತ ಹಿಡಿದು ನೋಡೀನಿ, ಅಂಟಲ್ಲ.'

ಆಫೀಸರು ನಕ್ಕು ಅವನಿಗೆ ಜಾಗ ಬಿಟ್ಟರು. 'ಇದಿಲ್ಲದೆಯೂ ನಡೀತೀರಾ? ಮೊದಲೇ ಗೊತ್ತಿದ್ದರೆ ನಿಮ್ಮನ್ನೇ ತಗೋತಿದ್ದೆವಲ್ಲ. ಗೆರೆ ಹತ್ತಿರ ಬಿಚ್ಚಿಟ್ಟು ಬಂದು ಕೂತರೆ ಆಯ್ತು. ನಿಮ್ಮ ತಮ್ಮ ಹೇಳಲೇ ಇಲ್ಲ.'

ಅಣ್ಣ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ ಎನ್ನಲಾರೆ. ತಪ್ಪು ಹೊಲಿಗೆ ಬಿದ್ದ ಚೀಲವನ್ನು ಎತ್ತಿ ನೋಡುವಾಗ ಹೇಗೆ ನೋಡುತ್ತಿದ್ದನೋ ಹಾಗೆ.

'ಅವನಿಗೆ ಗೊತ್ತಿಲ್ಲ ಸಾರ್,' ಎಂದ. 'ಈಗೀಗ ಬಿಚ್ಚಿ ನಡೆಯೋದು ರೂಢಿ ಮಾಡ್ಕಂಡೀನಿ.'

ಒಂದೇ ಮನೆಯಲ್ಲಿರುವ ತಮ್ಮನಿಗೆ ಗೊತ್ತಿಲ್ಲ ಎಂಬುದನ್ನು ಆಫೀಸರು ನಂಬಿದರೋ ಇಲ್ಲವೋ. ಅವರು ಯಂತ್ರದ ಕಡೆ ತಿರುಗಿಕೊಂಡರು. ಅಣ್ಣ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟ. 'ಉಣ್ಣು, ಆರ್ತೈತೆ,' ಎಂದ. ಮುದ್ದೆ ಇತ್ತು, ಹುರುಳಿ ಸಾರಿತ್ತು. ಉಂಡೆ. ಅವನು ಬಂದ ಹಾಗೆಯೇ ವಾಪಸು ಹೋಗಿ, ಗೆರೆಯಾಚೆ ಕೂತು, ಕಬ್ಬಿಣ ಕಟ್ಟಿಕೊಂಡು ಊರ ಕಡೆ ನಡೆದ. ಎದ್ದು ಹೋಗಿ ಬೆಲ್ಟು ಹಾಕಲು ಕೈಕೊಡಬಹುದಿತ್ತು. ಅದನ್ನೂ ಮಾಡಲಿಲ್ಲ.

ಮಾರನೆಯ ದಿನ ಊಟ ತಂದು ಎಂದಿನ ಹಾಗೆ ಗೆರೆಯ ಹತ್ತಿರವೇ ನಿಂತ. ಅವನು ಕೂಗುವ ಮೊದಲೇ ನಾನು ಎದ್ದು ಹೋದೆ. ಗೆರೆಯಾಚೆ ಅವನ ಜೊತೆ ಕೂತು ಉಂಡೆ.

ಆಮೇಲೆ ಯಂತ್ರವನ್ನು ಮೊಳಕಾಲ್ಮುರು ಕಡೆ ಸಾಗಿಸಿದರು. ನನ್ನನ್ನೂ ಕರೆದರು, ಹೋದೆ. ಬೆಟ್ಟದ ಬಂಡೆಗಳ ನಡುವಿನ ಹುಲ್ಲುಗಾವಲಿನಲ್ಲಿ ಮತ್ತೊಂದು ಸುಣ್ಣದ ಗೆರೆ. ಅಲ್ಲಿಯ ದನಗಾಹಿಗಳು ತೆಲುಗಿನವರು. 'ಇನುಮು ವದ್ದು,' ಕಬ್ಬಿಣ ಬೇಡ, ಎಂದು ಕೂಗುವುದನ್ನು ಕಲಿತೆ. ಹಾರಾಟ ಮುಗಿದ ಮೇಲೆ ನೆಲದ ಮೇಲೆ ನಡೆದು ಪರೀಕ್ಷೆ ಮಾಡುವವರ ಜೊತೆ ಸಾಮಾನು ಹೊರಲು ಇಟ್ಟುಕೊಂಡರು. ಮಿಲ್ಲಿನ ಚೀಲಕ್ಕೆ ನಾನು ಮತ್ತೆ ಹೆಗಲು ಕೊಡಲಿಲ್ಲ.

ಒಂದೆರಡು ವರ್ಷದ ಮೇಲೆ ಅದೇ ಆಫೀಸರು ನಕ್ಷೆ ಹಿಡಿದು ನಮ್ಮೂರಿಗೆ ಬಂದರು. ಕೆಂಪು, ಹಳದಿ, ನೀಲಿ ಬಣ್ಣ ಚೆಲ್ಲಿದ ಹಾಗಿತ್ತು. ನಮ್ಮ ಹೊಲಗಳ ಕೆಳಗೆ ಒಂದು ಕರಿಕಲ್ಲಿನ ಗೋಡೆ ದಾರದಂತೆ ನೆಟ್ಟಗೆ ಹೋಗಿತ್ತು. ಮೇಲೆ ನಿಂತರೆ ಬರೀ ಮಣ್ಣು, ಏನೂ ಕಾಣದು. ಇನ್ನೊಂದು ಕಡೆ ಕಲ್ಲು ಮುರಿದು ಪುಡಿಯಾದ ಗೆರೆ. ಊರಿನವರು ಕುಡಿಯುವ ನೀರಿಗೆಂದು ಹಳ್ಳದ ಪಕ್ಕ ದೊಡ್ಡ ಬಾವಿ ತೋಡಲು ಗುರುತು ಹಾಕಿದ್ದ ಜಾಗ ಸರಿಯಾಗಿ ಆ ಗೆರೆಯ ಮೇಲಿತ್ತು. ಅಲ್ಲಿ ಬದಿ ನಿಲ್ಲುವುದಿಲ್ಲ, ಕೆಳಗಿಳಿದವರ ಮೇಲೆ ಕುಸಿಯುತ್ತದೆ ಎಂದು ಆಫೀಸರು ಹೇಳಿದರು. ಸಂಶಯವಿದ್ದವರಿಗೆ ಒಂದು ಸಣ್ಣ ಗುಂಡಿ ತೋಡಿಸಿ ತೋರಿಸಿದರು. ಆಳುದ್ದ ಹೋಗುವ ಮೊದಲೇ ಬದಿಗಳು ಉದುರಿ ಒಳಗೆ ಬಿದ್ದವು. ಬಾವಿಯನ್ನು, ಕರಿಕಲ್ಲಿನ ಗೋಡೆ ನೆಲದೊಳಗಿನ ನೀರನ್ನು ತಡೆದು ನಿಲ್ಲಿಸುವ ಮೇಲ್ಗಡೆಗೆ ಬದಲಾಯಿಸಿದರು. ನೀರು ಬಂತು.

'ನಿನ್ನ ತಮ್ಮ ಕಾದದ್ದಕ್ಕೂ ಸಾರ್ಥಕ ಆತು ಕಣಪ್ಪ,' ಎಂದು ಮೆಂಬರು ನಮ್ಮ ಪಡಸಾಲೆಯಲ್ಲಿ ಕೂತು ಅಣ್ಣನಿಗೆ ಹೇಳಿದರು.

'ಹೂಂ. ಚೆನ್ನಾಗಿ ಕಾದ,' ಎಂದು ಅಣ್ಣ ಚೀಲ ತಿರುಗಿಸಿ ಹಾಕಿಕೊಂಡ. ಅದರಲ್ಲಿ ಕುಹಕವಿತ್ತೋ ಏನೋ. ಇರಲಿಲ್ಲ ಎಂದೇ ನನಗೆ ತೋರಿತು. ಇದ್ದಿದ್ದರೆ ಸುಲಭವಾಗುತ್ತಿತ್ತು.

ನಕ್ಷೆಯಲ್ಲಿ ನಾನು ಸುಣ್ಣದ ಗೆರೆಯ ಜಾಗ ಹುಡುಕಿದೆ. ಕಾಣಲಿಲ್ಲ. ಅಣ್ಣನ ಹಳೆಯ ತಮಾಷೆ ನೆನಪಾಗಿ, ಮನುಷ್ಯನ ಕಾಲಿನ ಕಬ್ಬಿಣ ಇದರಲ್ಲಿ ಬರುತ್ತದೆಯೇ ಎಂದು ಆಫೀಸರನ್ನು ಕೇಳಿದೆ. ಅಷ್ಟು ಎತ್ತರದಿಂದ ಅದು ತಿಳಿಯುವುದಿಲ್ಲ ಎಂದರು. ಮನೆಗೆ ಬಂದು ಅಣ್ಣನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅದರ ಹಿಂದೆಯೇ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಹೀಗೇ ವರ್ಷಗಳು ಹೋದವು. ಎರಡು ಸಾವಿರದ ಇಸವಿಯ ಆಚೆ, ಚಳ್ಳಕೆರೆಯಲ್ಲಿ ಮತ್ತೊಂದು ಶಿಬಿರ ನಡೆಯಿತು. ಅಣ್ಣನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹಳೆಯ ಕಬ್ಬಿಣ ತುಕ್ಕು ಹಿಡಿದು ತೊಡೆಯಲ್ಲಿ ಹುಣ್ಣು ಮಾಡುತ್ತಿತ್ತು. ಅಲ್ಲಿಯವರು ಅವನ ಕಾಲಿಗೆ ಪ್ಲಾಸ್ಟಿಕ್ಕಿನ ಹಗುರವಾದ ಕ್ಯಾಲಿಪರ್ ಕೂರಿಸಿದರು. ಕೀಲುಗಳು ಅಲ್ಯುಮಿನಿಯಂ. ಅಣ್ಣ ಶಾಮಿಯಾನದ ಕೆಳಗೆ ಆ ತುದಿಯವರೆಗೆ ನಡೆದು, ತಿರುಗಿ ಬಂದು, ಬೆಂಚಿನ ಮೇಲೆ ನನ್ನ ಪಕ್ಕ ಕೂತ. ಹಳೆಯದು ನನ್ನ ತೊಡೆಯ ಮೇಲಿತ್ತು. ಅದು ಅಷ್ಟು ಭಾರವಿದೆ ಎಂದು ನನಗೆ ಅವತ್ತೇ ತಿಳಿದದ್ದು. ಅದುವರೆಗೆ ನಾನು ಅದನ್ನು ಎತ್ತಿಯೇ ನೋಡಿರಲಿಲ್ಲ.

ಅಣ್ಣ ಹೊಸ ಕಾಲನ್ನು ಬೆರಳಿನಿಂದ ತಟ್ಟಿ ನೋಡಿದ. 'ಒಂಚೂರೂ ಕಬ್ಬಿಣ ಇಲ್ಲ ನೋಡಲೇ,' ಎಂದ. 'ಈಗ ತಗಂತಾರೇನು ನಿನ್ನ ವಿಮಾನದೋರು?'

ಅಷ್ಟು ವರ್ಷಗಳಲ್ಲಿ ಅವನು ಆ ಮಾತು ಎತ್ತಿದ್ದು ಅದೇ ಮೊದಲು. ನಗುತ್ತಲೇ ಹೇಳಿದ. ಎದುರಿಗೆ ಜನ ಸಾಲು ನಿಂತಿದ್ದರು, ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ನಾನೂ ನಕ್ಕುಬಿಟ್ಟರೆ ಮುಗಿಯುತ್ತಿತ್ತು. ನಗಲಿಲ್ಲ. ಮೈಕಿನ ಸದ್ದಿಗೆ ಕೇಳಿಸದೆ ಹೋದೀತೆಂದು ಅವನ ಕಡೆ ತಿರುಗಿ, ಗಟ್ಟಿಯಾಗಿಯೇ ಹೇಳಿದೆ.

'ಅಣ್ಣ, ಬಿಚ್ಚಿಟ್ಟು ಕೂತ್ರೆ ಆಗ್ತೈತಾ ಅಂತ ನಾನು ಅವರನ್ನ ಕೇಳಲೇ ಇಲ್ಲ. ಕೇಳಿದೆ ಅಂತ ನಿನಗೆ ಸುಳ್ಳು ಹೇಳಿದೆ. ಆ ಕೆಲ್ಸ ನಿಂದಾಗಿತ್ತು. ನಾನು ತಗಂಡೆ. ತಪ್ಪಾತು ಅಣ್ಣ.'