ಹೆಸರು ತಿಕ್ಕಿದ ಗೌಸಬಿ

ಲಕ್ಷ್ಮೇಶ್ವರದ ಗೌಸಬಿಯ ಕೈಗೆ ಸಿಕ್ಕ ಪಾತ್ರೆ ಹೊಳೆಯದೆ ಹೊರಗೆ ಹೋದದ್ದಿಲ್ಲ. ಗಂಡ ಅಲ್ಲಾಉದ್ದೀನ ಕಲಾಯಿ ಹಾಕುವವನು. ಶಿಗ್ಲಿ, ಶಿರಹಟ್ಟಿ ಕಡೆಯಿಂದ ಬಂದ ತಾಮ್ರದ ಹಂಡೆ, ಕೊಡಗಳನ್ನು ಉಸುಕು, ಹುಣಸೆಹಣ್ಣು ಹಚ್ಚಿ ತಿಕ್ಕಿಕೊಡುವುದು ಅವಳ ಪಾಲಿನ ಕೆಲಸ. ಸ್ಟೀಲು ಬಂದು ಕಲಾಯಿಯ ಒಲೆ ಆರಿತು, ಮುಂದೆ ಗಂಡನೂ ಹೋದ. ತಿಕ್ಕುವ ಚಟ ಮಾತ್ರ ಕೈಯಲ್ಲೇ ಉಳಿಯಿತು.

ಮಗ ರಮೀಜ ಹೊಲದ ಮೋಟರನ್ನು ಮನೆಯಲ್ಲಿ ಕೂತೇ ಮೊಬೈಲಿನಿಂದ ಚಾಲೂ ಮಾಡುವ ಬೋರ್ಡು ಮಾರತೊಡಗಿದ. ಬೋರ್ಡಿನ ನಕ್ಷೆ ತೆಗೆಯುವವಳು ಡಿಪ್ಲೊಮಾ ಓದಿದ ಸೊಸೆ ಕೌಸರ. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ರಮೀಜನದು. ಒಂದು ಸಲ ಬಜಾರಿನ ಅಂಗಡಿಯವನೊಬ್ಬ ಇವರ ಬೋರ್ಡು ಬಿಚ್ಚಿ, ಅದರ ಮಿದುಳಿನಂತಿದ್ದ ಐಸಿ ಚಿಪ್ಪಿನ ಮೇಲಿನ ಹೆಸರು ಓದಿ, ಅಂಥದ್ದೇ ಮಾಡಿ ಮಾರಿದ. ಅಂದಿನಿಂದ ಗೌಸಬಿಗೆ ಹೊಸ ಕೆಲಸ ಹುಟ್ಟಿತು. ಬೋರ್ಡಿನ ಮೇಲೆ ಕರಿ ಹುಳದಂತೆ ಕಾಲು ಚಾಚಿ ಕೂತ ಆ ಐಸಿಯ ಬೆನ್ನನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ಅಕ್ಷರ ಅಳಿಸುವುದು. ಅಕ್ಷರ ಓದಲು ಬಾರದಿದ್ದರೇನು, ಅಳಿಸಲು ಬರುತ್ತಿತ್ತು.

ಈ ವರ್ಷ ಕೌಸರಳಿಗೆ ಬೇರೆಯದೇ ಕೆಲಸ ಬಂತು. ಅವಳ ಜೊತೆ ಓದಿದ್ದ ಗದುಗಿನ ಮಹಾದೇವ ಮತ್ತು ಗೆಳೆಯರು ಅಲ್ಲಿಯ ಕಲ್ಯಾಣ ಮಂಟಪದಲ್ಲಿ ಹ್ಯಾಕರುಗಳ ಸಮ್ಮೇಳನ ಇಟ್ಟುಕೊಂಡಿದ್ದರು. ಬಂದವರ ಕೊರಳಿಗೆ ದೀಪ ಮಿನುಗುವ ಬ್ಯಾಜು ಬೇಕಿತ್ತು.

“ಹ್ಯಾಕರ್ ಅಂದ್ರ ಮೊಬೈಲಿನಾಗಿಂದ ರೊಕ್ಕಾ ಹೊಡಿಯೋರಲ್ಲೇನ?” ಎಂದಳು ಗೌಸಬಿ. “ಅವರಿಗ್ಯಾಕ ಬ್ಯಾಜು? ಪೊಲೀಸರು ಜಲ್ದಿ ಗುರ್ತು ಹಿಡೀಲಿ ಅಂತೇನ?”

“ಅವರು ಬ್ಯಾರೆ, ಅಮ್ಮಾ. ಇವರು ಏನ ಕೊಟ್ಟರೂ ಬಿಚ್ಚಿ, ಹ್ಯಾಂಗ ನಡೀತೈತಿ ಅಂತ ನೋಡೋ ಮಂದಿ. ಕೊರಳಾಗಿನ ಬ್ಯಾಜನ್ನೂ ಬಿಡಂಗಿಲ್ಲ.”

ಕೌಸರ ಬ್ಯಾಜನ್ನು ತಂಬಿಗೆಯ ಆಕಾರದಲ್ಲಿ ಮಾಡಿದಳು. ಹಿಂದೆ ಸಣ್ಣ ಅಕ್ಷರದಲ್ಲಿ ‘ಕೌಸರ, ಲಕ್ಷ್ಮೇಶ್ವರ’ ಎಂದು ಅಚ್ಚಾಗಿತ್ತು. ಅವಳದೇ ಹೆಸರಿನಲ್ಲಿ ಮನೆ ದಾಟುವ ಮೊದಲ ಕೆಲಸ. ಅತ್ತೆಯ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಆಡಿಸಿ ತೋರಿಸಿದ್ದಳು.

ಸಮ್ಮೇಳನದ ಹಿಂದಿನ ದಿನ ಕೌಸರ, ಬ್ಯಾಜಿಗೆ ಕಟ್ಟುವ ಪಟ್ಟಿಗಳನ್ನು ತರಲು ಬೆಟಗೇರಿಯ ನೇಕಾರರ ಮನೆಗೆ ಹೋದಳು. ಮನೆಯಲ್ಲಿ ಗೌಸಬಿ, ನಾಲ್ಕಾರು ತಟ್ಟೆ ತುಂಬ ಬ್ಯಾಜು. ‘ಬಿಚ್ಚೋ ಮಂದಿ’ ಎಂಬ ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಪಾಪ, ಸೊಸೆ ಗಡಿಬಿಡಿಯಲ್ಲಿ ಇವುಗಳ ಐಸಿ ತಿಕ್ಕಿಸುವುದನ್ನು ಮರೆತಿದ್ದಾಳೆ ಎಂದುಕೊಂಡು, ಹಿಂದಿನ ಸೊಸೆಯ ಹೆಸರಿಗೆ ತಾಗದಂತೆ ಪಾಲಿಶ್ ಪೇಪರು ಹಿಡಿದು ಕೂತಳು.

ಕೌಸರ ಹೊಸ್ತಿಲು ದಾಟುವುದರೊಳಗೆ ಗೌಸಬಿ ಅಂದಳು, “ಐಸಿ ಸ್ವಚ್ಛ ಮಾಡೇನಿ ನೋಡವಾ. ಕಣ್ಣಾಗ ಎಣ್ಣಿ ಬಿಟ್ಕೊಂಡ ನೋಡಿದ್ರೂ ಯಾವನಿಗೂ ಒಂದಕ್ಷರ ಸಿಗಂಗಿಲ್ಲ.”

ಕೌಸರ ಪಟ್ಟಿಯ ಚೀಲ ಕೆಳಗಿಟ್ಟಳು. ಒಂದು ಬ್ಯಾಜು ಎತ್ತಿ ನೋಡಿದಳು, ಇನ್ನೊಂದು ಎತ್ತಿದಳು, ಅಲ್ಲೇ ನೆಲದ ಮೇಲೆ ಕೂತಳು.

“ಅಮ್ಮಾ, ಇವನ್ನ ಬಿಚ್ಚಲಿ ಅಂತನ ಮಾಡಿದ್ದು. ಐಸಿ ಯಾವುದಂತ ಗೊತ್ತಾಗದ ಅವರು ಒಳಗ ಕೈ ಹಾಕೂದು ಹ್ಯಾಂಗ? ಈಗ ಮಹಾದೇವ ಒಯ್ಯಾಕ ಬರ್ತಾನ.”

ಗೌಸಬಿ ಅವಳ ಎದುರು ಕೂತಳು. “ಬೈದುಬಿಡವಾ. ಹಿಂಗ ಸುಮ್ಮನ ಕುಂಡ್ರಬ್ಯಾಡ,” ಎಂದಳು.

ಅಷ್ಟರಲ್ಲಿ ಮಹಾದೇವ ಬಂದೇಬಿಟ್ಟ. ಬ್ಯಾಜೊಂದನ್ನು ಹೊರಳಿಸಿ ನೋಡಿ, “ಇದೇನ ಕೌಸರಾ, ಐಸಿಗೆ ತಲಿ ಬೋಳಿಸಿ ಕಳಸಾಕತ್ತಿ?” ಎಂದ.

ಕೌಸರ ಬಾಯಿ ತೆರೆಯುವ ಮೊದಲೇ ಗೌಸಬಿ ಮುಂದೆ ಬಂದಳು. “ತಿಕ್ಕಿದಾಕಿ ನಾನು, ತಮ್ಮಾ. ಹಿಂದ ಬರದದ್ದು ಆಕಿ ಹೆಸರ ಇರ್ಲಿ. ತಪ್ಪು ನನ್ನ ಹೆಸರಿಗೆ ಬರ್ಕೋ.”

ಮಹಾದೇವನ ನಗೆ ಮಾಯವಾಯಿತು. ಹೆಸರಿಲ್ಲದ ಐಸಿ ಎಂದರೆ ಕೀಲಿಕೈ ಕಳೆದ ಪೆಟ್ಟಿಗೆ ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಬ್ಯಾಜನ್ನು ಬೆಳಕಿಗೆ ಹಿಡಿದು ಕೇಳಿದ, “ಒಳಗಿಂದೂ ಯಾರೂ ಓದದಂಗ ಬೀಗ ಜಡಿದೀಯೇನ, ಮೋಟರ್ ಬೋರ್ಡಿಗೆ ಹಾಕಿದಂಗ?”

ಕೌಸರ ತಲೆ ಎತ್ತಿದಳು. “ಇಲ್ಲ... ಇವಕ್ಕ ಹಾಕಿಲ್ಲ.” ಎದ್ದವಳೇ ಲ್ಯಾಪ್‌ಟಾಪು ತೆರೆದು, ಬ್ಯಾಜಿನ ಅಂಚಿನ ತೂತುಗಳಿಗೆ ತಂತಿ ಸಿಕ್ಕಿಸಿದಳು. ಗೌಸಬಿ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಪರದೆಯ ಮೇಲೆ ಒಂದು ಸಾಲು ಮೂಡಿತು.

“ಹೇಳ್ತು!” ಎಂದು ಚೀರಿದಳು ಕೌಸರ.

“ಏನ ಹೇಳ್ತ?”

“ತನ್ನ ಹೆಸರು, ಅಮ್ಮಾ! ಬೆನ್ನ ಮ್ಯಾಲಿಂದು ಹೋದ್ರೂ ಹೊಟ್ಟ್ಯಾಗ ಉಳದೈತಿ. ತಂತಿ ಹಚ್ಚಿ ಕೇಳಿದ್ರ ಹೇಳ್ತೈತಿ.”

ಮಹಾದೇವ ತೊಡೆ ತಟ್ಟಿ ನಕ್ಕ. “ಹೊಸ ಮದುಮಗಳ ಬಾಯಾಗ ಗಂಡನ ಹೆಸರು ಇದ್ದಂಗ ಆತು. ಕಾಡಿಸಿ ಕಾಡಿಸಿ ಕೇಳಬೇಕು. ಇರ್ಲಿ ಬಿಡು, ನಮ್ಮ ಮಂದಿಗೆ ಇದ ಮೊದಲನೇ ಒಗಟು.”

ಆದರೂ ಗೌಸಬಿಗೆ ಒಂದು ಅಂಜಿಕೆ. ಬಹಳ ಒತ್ತಿ ತಿಕ್ಕಿ ಒಳಗೇನಾದರೂ ಕೆಡಿಸಿರಬಹುದೆ? ತಟ್ಟೆ ತಟ್ಟೆಯಾಗಿ ಎಲ್ಲವಕ್ಕೂ ಸೆಲ್ಲು ಹಾಕಿ ನೋಡಿದರು. ಎಲ್ಲ ತಂಬಿಗೆಗಳೂ ಬೆಳಗಿದವು, ಒಂದೂ ಕುರುಡಾಗಿರಲಿಲ್ಲ. ಆಗ ಅವಳು ಗೋಡೆಗೆ ಒರಗಿ, “ಯಾ ಅಲ್ಲಾ,” ಎಂದು ಉಸಿರು ಬಿಟ್ಟಳು. ಕೌಸರ ಹತ್ತಿರ ಬಂದು ಅತ್ತೆಯ ಭುಜಕ್ಕೆ ತಲೆ ಆನಿಸಿ ನಕ್ಕಳು. ಆ ನಗೆಯಲ್ಲಿ ಒಂದಿಷ್ಟು ಅಳುವೂ ಇತ್ತು.

ಮಹಾದೇವ ಕೊನೆಯ ತಟ್ಟೆ ಎತ್ತಿ, “ಚಾಚಿ, ಇವುಗಳ ಮ್ಯಾಲೆ ಅಕ್ಷರ ಹಂಗ ಅದಾವಲ್ರಿ?” ಎಂದ.

“ಅಷ್ಟರಾಗ ಪೇಪರ್ ಸವದು ಹೋತು, ತಮ್ಮಾ. ಪುಣ್ಯಾ ಅನ್ನು.”

“ಏನ ಪುಣ್ಯಾರಿ? ಒಬ್ಬನಿಗೆ ಓದಾಕ ಸಿಕ್ಕು ಇನ್ನೊಬ್ಬನಿಗೆ ಸಿಗದಿದ್ರ ಅಲ್ಲಿ ಜಗಳ ಹತ್ತತಾವ. ಇವನ್ನೂ ತಿಕ್ಕಿ ಕೊಡ್ರಿ.”

ಗೌಸಬಿ ಸೊಸೆಯ ಮುಖ ನೋಡಿದಳು. ಕೌಸರ ಆಗಲೇ ರಮೀಜನ ಕಪಾಟಿನಿಂದ ತೆಗೆದ ಹೊಸ ಪಾಲಿಶ್ ಪೇಪರು ಹರಿಯುತ್ತಿದ್ದಳು. “ಮೊದಲ ಚಾ ಕುಡೀರಿ, ಅಮ್ಮಾ.”

“ಚಾ ಎಲ್ಲಿ ಓಡಿ ಹೋಗ್ತೈತಿ? ಈ ಸಲ ಕೇಳಿ ತಿಕ್ಕಾಕತ್ತೇನಿ, ಮತ್ತ!” ಎಂದು ಗೌಸಬಿ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.